ಸಾಲು ೨೩೦೭

ಮಸ್ಜಿದ್ ಬಂದರಿನ ಮೂರನೇ ಮಾಳಿಗೆ.
ಕೆಳಗೆ ಒಣಮೆಣಸಿನ ಮೂಟೆ ಇಳಿಸುವವರ ಕೆಮ್ಮು
ಮೆಟ್ಟಿಲು ಹತ್ತಿ ಬಂದು ನನ್ನ ಗಂಟಲಲ್ಲಿ ಕೂರುತ್ತದೆ.
ನನ್ನ ಕೆಲಸ ಕತ್ತರಿಸುವುದು.
ಗೋದಿಯ ಹಳೆಯ ಕೂಲಿಗಳ ಪಟ್ಟಿ
(ಗೋದಿ ಎಂದರೆ ಇಲ್ಲಿ ಹಡಗುಕಟ್ಟೆ),
ಒಬ್ಬರಿಗೊಂದು ಸಾಲು, ನಾಲ್ಕು ಸಾವಿರ ಚಿಲ್ಲರೆ ಸಾಲು:
ಹೆಸರು, ತಂದೆ ಇಲ್ಲವೇ ಗಂಡ, ಬಿಲ್ಲೆಯ ನಂಬರು,
ಚಾಳು, ಬಾಕಿ ಹಣ, ಪಿನ್‌ಕೋಡು.

ಅಲ್ಪವಿರಾಮ ಕಂಡಲ್ಲಿ ಕೊಯ್ಯಿ ಎಂದೆ.
ಕೊಯ್ದಿತು, ಬೆಂಡೆಕಾಯಿ ಹೆಚ್ಚಿದ ಹಾಗೆ.
ಸಿ ಭಾಷೆಯ ಆಜ್ಞೆ, ನನಗಿಂತ ಹಿರಿಯದು;
ಕೊಯ್ದಲ್ಲೆಲ್ಲ ಒಂದು ಸೊನ್ನೆ ಊರಿ ಮುಂದೆ ಹೋಗುತ್ತದೆ.
ತಿರುಗಿ ನೋಡಿದರೆ
ಮೊದಲಿನ ಸಾಲು ಇರುವುದಿಲ್ಲ.

ವಡಾಲಾದ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ
ಪದ್ಮಾಕ್ಷಿ ಟೀಚರು ಸಂಧಿ ಬಿಡಿಸಲು ಕೊಡುತ್ತಿದ್ದರು.
ಊರೂರು?
‘ಊರ್, ಊರು’ ಎಂದು ಬರೆದು ಅರ್ಧ ಅಂಕ ಕಳಕೊಂಡೆ.
‘ಕೂಡುವಾಗ ಒಂದು ಉಕಾರ ಸತ್ತಿದೆಯಲ್ಲ,
ಬಿಡಿಸುವಾಗ ಅದನ್ನು ಎಬ್ಬಿಸಿ ಕೊಡಬೇಕು ಮಾರಾಯ್ತಿ!’
ಕಿಟಕಿಯಾಚೆ ಹಾರ್ಬರ್ ಲೈನಿನ ಗಾಡಿ
ಅವರ ಮಾತಿನ ಅರ್ಧ ತಿಂದು ಹೋಗುತ್ತಿತ್ತು.

ಪಟ್ಟಿ ಅಚ್ಚಾಯಿತು. ಶಿವಡಿಯ ಗೇಟಿಗೆ ಅಂಟಿಸಿದರು.
ಮೂರನೇ ದಿನ ಯಮನವ್ವ ಬಂದಳು,
ಗೋದಿಯಲ್ಲಿ ಚೆಲ್ಲಿದ ಗೋಧಿ ಗುಡಿಸಿದವಳು,
ಮೂವತ್ತೊಂದು ವರ್ಷ.
ಸೆರಗಿನ ಗಂಟಿನಿಂದ ಹಿತ್ತಾಳೆ ಬಿಲ್ಲೆ ತೆಗೆದು
ನನ್ನ ಕೀಬೋರ್ಡಿನ ಮೇಲೇ ಇಟ್ಟಳು. ೬೧೯.
‘ಬಾಯಿ, ನನ್ನ ಹೆಸರಿನ ಮುಂದ
ನಾಕು ಲಕ್ಷದ ಹದಿನೈದು ರೂಪಾಯಿ ಅಂತ ಬರದೈತಿ.
ಖರೇನ?’

ತೆರೆದು ನೋಡಿದೆ. ಗಂಡನ ಹೆಸರು: ಆರುನೂರ ಹತ್ತೊಂಬತ್ತು.
ಬಿಲ್ಲೆಯ ಮನೆಯಲ್ಲಿ ಚಾಳು ಕೂತಿದೆ,
ಚಾಳಿನಲ್ಲಿ ಆರು ಸಾವಿರದ ಮುನ್ನೂರ ಐವತ್ತು,
ಹಣದ ಮನೆಯಲ್ಲಿ ಶಿವಡಿಯ ಪಿನ್‌ಕೋಡು.
ನಕ್ಕೆ. ಆಮೇಲೆ ನಗಲಿಲ್ಲ.

ಮೂಲ ಕಡತದಲ್ಲಿ ಅವಳ ಹೆಸರಿನ ಪಕ್ಕ
ಎರಡು ಅಲ್ಪವಿರಾಮ, ಬೆನ್ನಿಗೆ ಬೆನ್ನು ಹಚ್ಚಿ.
ನಡುವೆ ಏನಿಲ್ಲ.
ಏನಿಲ್ಲದ್ದನ್ನು ನನ್ನ ಆಜ್ಞೆ ತುಣುಕೆಂದು ಒಪ್ಪುವುದಿಲ್ಲ.
ಎರಡು ಏಟನ್ನು ಒಂದೇ ಎಂದು ಎಣಿಸಿ
ನುಂಗಿ, ಉಳಿದವರನ್ನೆಲ್ಲ
ಒಂದೊಂದು ಮನೆ ಎಡಕ್ಕೆ ತಳ್ಳುತ್ತದೆ.

‘ಗಂಡನ ಹೆಸರು ಯಾಕೆ ಬರೆಸಿಲ್ಲ?’
ತಪ್ಪು ಅವಳದೇ ಎಂಬಂತೆ ಕೇಳಿದೆ, ಈಗ ನಾಚಿಕೆ.
‘ಬರಸಾಕ ಮನಸಿರಲಿಲ್ಲ. ಜಾಗಾ ಬಿಟ್ಟೀನಲ್ಲ.’
ಬಿಲ್ಲೆ ಎತ್ತಿ ಸೆರಗಿಗೆ ಒರೆಸಿದಳು.
‘ಈ ಊರಾಗ ಜಾಗಾ ಬಿಡೂದು ಅಂದ್ರ ಸುಮ್ನ ಏನ, ಬಾಯಿ?’

ಆಜ್ಞೆ ಬದಲಿಸಿದೆ: ಖಾಲಿಯನ್ನೂ ಎಣಿಸು.
ಯಮನವ್ವನ ಜೊತೆ ಇನ್ನೂ ಮೂವತ್ತೇಳು ಸಾಲು ಕದಲಿ
ತಂತಮ್ಮ ಮನೆಗೆ ಬಂದವು.
ಯಾರವು, ಯಾಕೆ ಖಾಲಿ, ಕೇಳಲಿಲ್ಲ.
‘ಮೂರು ದಿನ ಸಾವ್ಕಾರ್ತಿ ಆಗಿದ್ದೆ ಬಿಡು,’
ಎಂದು ಆರು ಸಾವಿರದ ಚೀಟಿ ಮಡಚಿಕೊಂಡು
ಮೆಣಸಿನ ಘಾಟಿಗೆ ಮೂಗು ಮುಚ್ಚದೆ ಇಳಿದು ಹೋದಳು.

ಸಂಜೆ ಆರು ಐವತ್ತೆರಡರ ಲೋಕಲ್ಲು.
ಹೆಂಗಸರ ಡಬ್ಬಿಯಲ್ಲಿ ಅಲ್ಪವಿರಾಮವಿಲ್ಲ, ಸ್ಪೇಸಿಲ್ಲ,
ಮೊಣಕೈ ಬುಟ್ಟಿ ಜಡೆ ಎಲ್ಲ ಸೇರಿ ಒಂದೇ ಶಬ್ದ.
ಡಾಕ್‌ಯಾರ್ಡ್, ರೇ ರೋಡ್, ಕಾಟನ್ ಗ್ರೀನ್:
ಪ್ರತಿ ಬಾಗಿಲಲ್ಲೂ ಒಂದಿಷ್ಟು ಹರಿದು ಇಳಿಯುತ್ತದೆ,
ಯಾರ ಉಕಾರ ಯಾರಲ್ಲಿ ಉಳಿಯಿತೋ.
‘ಸರಕೋ ನಾ ಥೋಡಾ’ ಎಂದೆ
ಮೂವರು ಕೂತ ಸೀಟಿಗೆ.
ಮುಖ ನೋಡದೆ ಸರಿದರು.
ನಾಲ್ಕು ಬೆರಳಿನಷ್ಟು ಅಗಲ.
ಕೂತೆ.