ನೆತ್ತಿಯ ಗುರುತು

ಹೊನ್ನವಳ್ಳಿಯ ತೋಟಗಳಲ್ಲಿ ನನಗೆ
ಮುಖಗಳಿಗಿಂತ ಮೊದಲು ನೆತ್ತಿಗಳ ಪರಿಚಯ.
ಅರವತ್ತಡಿ ಮೇಲೆ, ಮಟ್ಟೆಯ ಸಂದಿಗೆ ಕಾಲು ಸಿಕ್ಕಿಸಿ
ಒಮ್ಮೆ ಕೆಳಗೆ ಬಗ್ಗಿದರೆ ಸಾಕು,
ಎರಡು ಸುಳಿಯವನು ಗಾಡಿ ಷಡಕ್ಷರಿ,
ಬೈತಲೆ ಎಡಕ್ಕೆ ವಾಲಿದ್ದರೆ ಸಣ್ಣಮ್ಮಕ್ಕ,
ಬೋಳಿನ ನಡುವೆ ಬಿಸಿಲು ಕೂತಿದ್ದರೆ
ಲೆಕ್ಕ ಬರೆಯುವ ಚಿದಾನಂದಯ್ಯ,
ಎಣಿಕೆಯಲ್ಲಿ ಒಂದು ಕಾಯಿ ಹೆಚ್ಚು ಬಂದದ್ದಕ್ಕೆ
ನನ್ನ ಮೇಲೇ ಗೊಣಗುತ್ತಾ.

ಮೊದಮೊದಲು ಹೀಗಿರಲಿಲ್ಲ.
ಹದಿನಾಲ್ಕಕ್ಕೆ ಅಪ್ಪ ಮರ ಹತ್ತಿಸಿದಾಗ
ಕೆಳಗಿನ ಲೋಕ ಯಾರೋ ಚೆಲ್ಲಿದ ಬಳೆ ಚೂರು.
ಚೊಂಬು ಎಂದರೆ ಉಂಗುರದೊಳಗೊಂದು ಉಂಗುರ.
ನಮ್ಮ ಎಮ್ಮೆ, ನಾನು ದಿನಾ ಮೈ ತೊಳೆಯುವ ಎಮ್ಮೆ,
ತೇಲುವ ಕರೀ ಹಲಗೆ, ತುದಿಗೆರಡು ಕುಡುಗೋಲು.
ಅದರ ಕಾಲೆಲ್ಲಿ ಹೋದವಪ್ಪಾ ಎಂದು ಕೂಗಿದೆ.
ಅಪ್ಪ ಕೆಳಗಿಂದ ಅಂದ:
"ಅವೆಲ್ಲೂ ಹೋಗಿಲ್ಲ ಕಣೋ. ಹೋಗಿರೋನು ನೀನು."

ಆಮೇಲೆ ಕಣ್ಣು ಕಲಿಯಿತು.
ಹೇಗೆ ಅಂತ ನನ್ನ ಕೇಳಬೇಡಿ.
ಕಾಣದ ನಾಲ್ಕೂ ಕಾಲು ತಾನೇ ಜೋಡಿಸಿಕೊಂಡು
ಎಮ್ಮೆ ಎನ್ನುತ್ತಿತ್ತು. ಉಂಗುರ ಕಂಡರೆ
ಗಂಟಲು ಒಣಗುತ್ತಿತ್ತು.
ಮಂಕರಿ ಬರೀ ಒಂದು ಸುತ್ತು, ಆದರೂ
ಎಷ್ಟು ಕಾಯಿ ಹಿಡಿಸುತ್ತೆ ಅನ್ನುವುದು ಗೊತ್ತಾಗುತ್ತಿತ್ತು.

ಪುಟ್ಟಲಿಂಗಿಯನ್ನು ಒಪ್ಪಿದ್ದೂ ಮರದ ಮೇಲಿಂದಲೇ.
ಮಟ್ಟೆ ಎಳೆಯಲು ಬರುತ್ತಿದ್ದಳು,
ಎಣ್ಣೆ ಮಿಂಚುವ ಬೈತಲೆ, ಸುಳಿಯ ಪಕ್ಕ ಕನಕಾಂಬರ.
ಮಾತುಕತೆಗೆ ಹೋದ ದಿನ ಪಡಸಾಲೆಯಲ್ಲಿ
ಮುಖವೆತ್ತಿ ನಿಂತವಳನ್ನೇ ನೋಡುತ್ತಾ
"ಹುಡುಗಿ ಎಲ್ಲಿ?" ಎಂದುಬಿಟ್ಟೆ.
ಮನೆಯೆಲ್ಲ ಗಪ್ಪು.
ಅವಳು ಕಾಫಿ ಲೋಟ ಇಡಲು ಬಗ್ಗಿದಳು.
ಓ. ಇವಳೇ.

ಹೋದ ಕಾರ್ತಿಕದಲ್ಲಿ ಒಣ ಮಟ್ಟೆಯೊಂದು ಕಳಚಿತು,
ನನ್ನ ಸಮೇತ.
ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಹದಿನೇಳು ದಿನ ಅಂಗಾತ,
ಫ್ಯಾನು, ಉದುರುವ ಸುಣ್ಣ, ಗ್ಲೂಕೋಸು ಬಾಟಲಿಯ ತಳ.
ಅಲ್ಲಿ ಜನವೆಲ್ಲ ಗದ್ದದಿಂದ ಶುರುವಾಗುತ್ತಿದ್ದರು.
ಎರಡು ಹೊಳ್ಳೆ ಬಂದು ನಿಂತು "ಹೆಂಗಿದೀಯಪ್ಪ" ಎನ್ನುತ್ತಿದ್ದವು.
ದನಿ ಕೇಳಿ ಷಡಕ್ಷರಿ ಇರಬೇಕು ಎಂದುಕೊಂಡೆ.
ಬಗ್ಗಪ್ಪಾ, ಸುಳಿ ನೋಡಬೇಕು ಎನ್ನಲಾದೀತೆ?

ಒಂದು ರಾತ್ರಿ ಎಚ್ಚರವಾಯಿತು.
ಮೇಲೊಂದು ಗದ್ದ, ಅದರಡಿ ಗೆರೆಬಿದ್ದ ಕೊರಳು,
ಮೂವತ್ತೊಂದು ವರ್ಷದಲ್ಲಿ ನಾನೊಮ್ಮೆಯೂ ಕಾಣದ ಮಚ್ಚೆ.
ಯಾರಮ್ಮ ನೀನು, ನರ್ಸಾ, ಎಂದೆ.
ಗದ್ದ ಅಲುಗಿತು.
ನಕ್ಕಳೋ ಅತ್ತಳೋ,
ಕೆಳಗಿಂದ ನೋಡಿದರೆ ಎರಡೂ ಒಂದೇ ಥರ.

ಈಗ ಮನೆ. ಅಂಗಳದಲ್ಲಿ ಮಂಚ,
ಕಾಯಿ ಬಿದ್ದರೆ ತಾಗದಷ್ಟು ದೂರಕ್ಕೆ.
ಪುಟ್ಟಲಿಂಗಿ ಹೊದಿಕೆ ಸರಿಮಾಡಲು ಬಗ್ಗುತ್ತಾಳೆ.
ಬೈತಲೆ ಅಗಲವಾಗಿದೆ, ಸುಳಿ ಬೆಳ್ಳಗಾಗಿದೆ.
ಯಾವಾಗ? ಅಷ್ಟು ಮೇಲಿಂದ ಅದು
ಬಿಸಿಲೆಂದೇ ತಿಳಿದಿದ್ದೆ.

ಷಡಕ್ಷರಿಯ ಮಗ ಯಂತ್ರ ಕಟ್ಟಿಕೊಂಡು ಹತ್ತುತ್ತಾನೆ,
ಎರಡು ಅಂಗಾಲು, ಹರಿದ ಒಂದು ಜೇಬು.
ತುದಿ ಮುಟ್ಟಿ ಕೂಗುತ್ತಾನೆ:
"ಮಾವ, ಇಲ್ಲಿಂದ ನೀನು ಹೆಂಗೆ ಕಾಣ್ತೀಯ ಗೊತ್ತಾ?"
ಗೊತ್ತು. ಉದ್ದಕ್ಕೊಂದು ಹಲಗೆ,
ಅದರ ಮೇಲೆ ಯಾರೋ ಮಡಿಸಿಟ್ಟು ಮರೆತ ಕಂಬಳಿ.
ನಾನು ಹೇಳುವುದಿಲ್ಲ.
ಹೊಸಬ ಅವನು. ಇರಲಿ, ನೋಡುತ್ತಿರಲಿ.
ಕಾಲು ತಾನೇ ಜೋಡಿಸಿಕೊಳ್ಳಲಿ.