ಸೊನ್ನೆ ಮೀಟರು

ಮಲ್ಲಂದೂರು ರಸ್ತೆಯ ಟೈರ್ ಅಂಗಡಿಯ ಮೇಲೆ
ನಮ್ಮ ಕೋಣೆ. ಕೆಳಗೆ ಗಾಳಿ ತುಂಬುವ ಸದ್ದು,
ಮೇಲೆ ನಾನು ಕಾಡನ್ನು ಕಾಲಮ್ಮುಗಳಿಗೆ ತುಂಬುತ್ತೇನೆ:
ಗೆರೆ ನಂಬರು, ಹೊತ್ತು, ಪ್ರಾಣಿ, ಎಷ್ಟು ತಲೆ,
ಗೆರೆಯಿಂದ ಎಷ್ಟು ದೂರ.

ಕೆಂಚಯ್ಯನವರ ಹಾಳೆಗೆ ಬೀಡಿ ವಾಸನೆ,
ಮೂಲೆಯಲ್ಲಿ ಉಣುಗು ಹಿಸುಕಿದ ಕಲೆ.
ದೂರ ಅಳೆಯುವ ಯಂತ್ರದ ಬ್ಯಾಟರಿ ಸತ್ತ ದಿನ
ಅವರು ಬರೆದದ್ದು: "ಕಡವೆ ಒಂದು, ಹನ್ನೆರಡು ಮಾರು.
ಕಾಟಿ ಐದು, ಒಂದು ಕೂಗಳತೆ."
ಕೂಗಳತೆಗೆ ಎಷ್ಟು ಮೀಟರು ಅಂತ ಫೋನಿನಲ್ಲಿ ಕೇಳಿದೆ.
"ಯಾರು ಕೂಗ್ತಾರೆ ಅನ್ನೋದರ ಮೇಲಿದೆ ಮೇಡಂ."

ತಂತ್ರಾಂಶಕ್ಕೆ ಕೂಗು ತಿಳಿಯದು. ಅದಕ್ಕೆ ಗೊತ್ತಿರುವುದು
ಒಂದು ಇಳಿಜಾರು:
ಗೆರೆಯ ಹತ್ತಿರದ್ದು ಕಣ್ಣಿಗೆ ಬೀಳುತ್ತದೆ,
ದೂರ ಸರಿದಂತೆ ಬೀಳುವುದು ಕಮ್ಮಿ,
ಅರವತ್ತು ಮೀಟರಿನಾಚೆ, ಬಿದಿರು ಮೆಳೆಯ ಹಿಂದೆ
ಇದ್ದೂ ಇಲ್ಲದಂತೆ ನಿಂತವು ಎಷ್ಟೋ.
ಕಂಡದ್ದರಿಂದ ಕಾಣದ್ದನ್ನು ಎಣಿಸುವ ಈ ಗಣಿತ
ಒಂದೇ ಒಂದು ಮಾತನ್ನು ಕೇಳದೆ ನಂಬುತ್ತದೆ:
ಸೊನ್ನೆ ಮೀಟರಿನಲ್ಲಿ, ಕಾಲಬುಡದಲ್ಲಿ ಇರುವುದು
ಯಾವುದೂ ತಪ್ಪಿಹೋಗದು.

ಮಾರ್ಚ್ ಕೊನೆಗೆ ಮೊದಲ ನಕ್ಷೆ.
ರಾತ್ರಿಯಿಡೀ ಕಂಪ್ಯೂಟರಿನ ಫ್ಯಾನು ಊದಿ ಊದಿ, ಬೆಳಿಗ್ಗೆ
ಜಿಂಕೆಗಳು ಭದ್ರೆಯ ಹಿನ್ನೀರಿನ ಮೇಲೆ ಮೇಯುತ್ತಿದ್ದವು!
ಚದರ ಕಿಲೋಮೀಟರಿಗೆ ಇಪ್ಪತ್ತೊಂಬತ್ತು, ನಟ್ಟ ನಡು ನೀರಿನಲ್ಲಿ.
ದಡ ಎಲ್ಲಿದೆಯೆಂದು ಹೇಳಿಕೊಡದಿದ್ದರೆ
ನುಣುಪು ರೇಖೆ ನೀರನ್ನೂ ದಾಟುತ್ತದೆ,
ಆ ದಡದ ಹುಲ್ಲನ್ನು ಈ ದಡಕ್ಕೆ ಸೋರಿಸುತ್ತದೆ.
ಆಮೇಲೆ ಓದಿಕೊಂಡೆ: ತಂತಿಯ ಬಳೆಯಲ್ಲಿ
ಸಾಬೂನಿನ ಪೊರೆ ಹಿಡಿದಂತೆ, ಅಂಚಿಗೆ ಕಟ್ಟಿ
ಒಳಗೆ ಮಾತ್ರ ಬಿಗಿಯುವ ಬಗೆಯೊಂದಿದೆ.
ಎರಡು ದಿನ ಚುಕ್ಕಿ ಇಟ್ಟು ದಡ ಬರೆದೆ,
ಅಂಗಳಕ್ಕೆ ರಂಗೋಲಿ ಇಟ್ಟದ್ದೂ ಇಷ್ಟು ಶ್ರದ್ಧೆಯಿಂದಲ್ಲ.
ಗಂಟುಗಳು ಎಷ್ಟಿರಲಿ ಎಂದು ಅದು ಕೇಳಿತು.
ಹೆಚ್ಚಾದರೆ ನಕ್ಷೆಗೆ ಜ್ವರ, ಕಮ್ಮಿಯಾದರೆ ನಿದ್ದೆ.
ಅಂತೂ ಜಿಂಕೆಗಳು ನೀರಿನಿಂದೆದ್ದು ಹೊರಬಂದವು.

ಒಂದು ಚೌಕ ಮಾತ್ರ ಉರಿಯುತ್ತಲೇ ಇತ್ತು.
ಏಳನೇ ಗೆರೆ, ಹಳ್ಳ ದಾಟಿದ ಮೇಲೆ.
ಸುತ್ತ ತಣ್ಣನೆಯ ನೀಲಿ, ನಡುವೆ ಕೆಂಡ.
ಕೆರೆ ಹತ್ತಿರವಿಲ್ಲ, ರಸ್ತೆಯೂ ಇಲ್ಲ,
ನನ್ನ ಯಾವ ಕಾಲಮ್ಮೂ ಅದಕ್ಕೆ ಉತ್ತರವಲ್ಲ.
ಶೇಷ, ಎಂದಿತು ತಂತ್ರಾಂಶ.
ಲೆಕ್ಕಕ್ಕೆ ಸಿಗದೆ ಉಳಿದದ್ದು.

ಸಂಬಳದ ಕಾಗದಕ್ಕೆ ಸಹಿ ಹಾಕಲು ಬಂದ ಕೆಂಚಯ್ಯ
ಪರದೆಗೆ ಮೂಗು ತಾಗಿಸಿ ನೋಡಿದರು
(ದೂರದ ಕಣ್ಣು ಚುರುಕು, ಹತ್ತಿರದ್ದು ಮಸುಕು).
ಉಗುರಿನಿಂದ ಕೆಂಪಿನ ಮೇಲೆ ಮೆಲ್ಲಗೆ ಕುಟ್ಟಿದರು.
"ಇದು ನಮ್ಮ ಹಡ್ಲು. ಗದ್ದೆ ಬಿಟ್ಟ ಮೇಲೆ ಹುಲ್ಲು ಬಂತು,
ಹುಲ್ಲಿಗೆ ಇವು ಬಂದವು.
ಊರು ಎಬ್ಬಿಸಿದ ವರ್ಷ ಅಪ್ಪ ಬಿತ್ತಿರಲಿಲ್ಲ."
ಸ್ವಲ್ಪ ಹೊತ್ತು ಬಿಟ್ಟು, ಬೇರೆ ಯಾರದೋ ಸುದ್ದಿಯಂತೆ:
"ಗೆರೆ ಕಡಿಯುವಾಗ ಸಾಹೇಬರು ನೂಲು ಹಿಡಿದು ನೆಟ್ಟಗೆ ಎಳೆದರು.
ನಮ್ಮ ಅಡುಗೆ ಮನೆ ಮೇಲೇ ಹಾಯ್ತು.
ಒಲೆಗುಂಡು ಮೂರೂ ಹಾಗೇ ಇದೆ, ಲಂಟಾನದ ಬುಡದಲ್ಲಿ.
ದಾಟಿಕೊಂಡು ಹೋಗ್ತೀನಿ. ತುಳಿಯಲ್ಲ."

ಹತ್ತು ವರ್ಷ, ವರ್ಷಕ್ಕೆ ಎಂಟು ನಡಿಗೆ,
ಬೆಳಿಗ್ಗೆ ಆರಕ್ಕೆ, ತರಗೆಲೆಗೂ ಕೇಳದಂತೆ,
ಎಡಕ್ಕೆ ನೋಡುತ್ತ, ಬಲಕ್ಕೆ ನೋಡುತ್ತ.
ನಾನೂ ಎರಡು ಸಲ ಅವರ ಹಿಂದೆ ನಡೆದಿದ್ದೆ.
ಒಂದು ಕಡೆ ಅವರು ಹೆಜ್ಜೆ ಎತ್ತರಿಸಿದ್ದು ನೆನಪಿದೆ.
ಬೇರು ಇರಬೇಕು ಎಂದುಕೊಂಡು ನಾನೂ ಎತ್ತರಿಸಿದೆ,
ನಲವತ್ತು ಮೀಟರಿನಲ್ಲಿ ಜಿಂಕೆಯ ಕಿವಿ ಕಂಡವಳು.

ಹೊಸ ಕಾಲಮ್ಮು ಸೇರಿತು: ಹಳೆಯ ಗದ್ದೆ, ಹೌದು ಅಥವಾ ಇಲ್ಲ.
ಕೆಂಡ ಆರಿತು. ಸಾಹೇಬರು ಮೆಚ್ಚಿದರು.
ಒಲೆಗುಂಡಿಗೆ ಕಾಲಮ್ಮಿಲ್ಲ.
ಟಿಪ್ಪಣಿ ಎಂಬ ಖಾಲಿ ಜಾಗದಲ್ಲಿ, ಯಂತ್ರ ಓದದ ಕಡೆ,
ಬರೆದಿಟ್ಟೆ:
ಗೆರೆ ಏಳು. ಕಲ್ಲು ಮೂರು. ದೂರ ಸೊನ್ನೆ.
ಕಂಡವರು, ಕೆಂಚಯ್ಯ.