ಕಾದ ಕಲ್ಲು

ಮುಖ ತೊಳೆಯುವ ಮೊದಲೇ ಫೋನು ನೋಡುತ್ತೇನೆ.
‘ಪರಿಶೀಲನೆಯಲ್ಲಿದೆ.’
ಮಾರ್ಚಿ ಹನ್ನೊಂದರಿಂದ ಅದೇ ಪದ,
ಹಗ್ಗದ ಮೇಲಿನ ದುಪಟ್ಟದಲ್ಲಿ
ರಾತ್ರಿಯಿಡೀ ಕೂತ ಥರ್ಮಲ್ಲಿನ ಬೂದಿಯ ಹಾಗೆ,
ಕೊಡವಿದರೂ ಅಲ್ಲೇ.

ಕಾಯುವುದು ನಮ್ಮ ಮನೆಗೆ ಹೊಸತಲ್ಲ.
ಅಪ್ಪ ಬೂದಿಕೆರೆಯ ಕಟ್ಟೆ ಕಾಯುತ್ತಾನೆ,
ಗುತ್ತಿಗೆಯ ಮೇಲೆ, ರಾತ್ರಿ ಪಾಳಿ.
ಕುಡತಿನಿಯ ಬಿಸಿಲಿಗೆ ಹತ್ತರೊಳಗೆ ತಗಡು ಕಾಯುತ್ತದೆ,
ಕೆಳಗೆ ಕೂತ ನಮ್ಮ ನೆತ್ತಿಯೂ.
ನನ್ನದಕ್ಕೆ ಪಾಳಿಯಿಲ್ಲ,
ಪಗಾರವೂ ಇಲ್ಲ.

“ಏನಾತಮ್ಮಾ ನಿಂದು?”
ಜೆರಾಕ್ಸ್ ಅಂಗಡಿಯಿಂದಲೇ ಕೂಗುತ್ತಾನೆ ಶೇಕ್ಷಾವಲಿ.
ನನ್ನ ಜಾತಿ, ಹತ್ತನೆಯ ಅಂಕಪಟ್ಟಿ
ಏಳು ಸಲ ಅವನ ಗಾಜಿನ ಮೇಲೆ ಬೋರಲು ಮಲಗಿವೆ.
ಅಪ್ಪನ ವರಮಾನ ಅವನಿಗೆ ಬಾಯಿಪಾಠ.
“ಪಿಎಚ್‌ಡಿ ಸೀಟು ಸಿಕ್ಕಂಗೇ ಅಣ್ಣಾ. ರೊಕ್ಕದ್ದು ತಿಳಿವಲ್ದು.”
ಅವನು ಮಷೀನಿಗೆ ಹೊಸ ಹಾಳೆ ತುಂಬುತ್ತ,
“ಅಂದ್ರ ಉಣ್ಣಾಕ ಕರದಾರ,
ಎಲಿ ಹಾಕಿಲ್ಲ.”

ಸಂದರ್ಶನದಲ್ಲಿ ದಪ್ಪ ಕನ್ನಡಕದವರು ಕೇಳಿದ್ದರು:
ಇತಿಹಾಸದಲ್ಲಿ ಏನು ನಿಮ್ಮ ವಿಷಯ?
ಬೂದಿ, ಅಂದೆ.
ಪಕ್ಕದವರು ಪೆನ್ನು ಕೆಳಗಿಟ್ಟರು.
ನಮ್ಮೂರ ಹತ್ತಿರ ದಿಬ್ಬ ಇದೆ ಸರ್,
ಮಗ್ಗುಲಲ್ಲೇ ಲಾರಿ ಓಡುತ್ತವೆ.
ರಕ್ಕಸನನ್ನು ಸುಟ್ಟದ್ದು ಅನ್ನುತ್ತಾಳೆ ಅಜ್ಜಿ.
ಅಗೆದು ನೋಡಿದವರು ಸೆಗಣಿ ಅನ್ನುತ್ತಾರೆ,
ನಾಲ್ಕು ಸಾವಿರ ವರ್ಷದ ಹಿಂದಿನ ದನಗಳದ್ದು.
ಗುಡ್ಡೆ ಹಾಕಿ ಸುಟ್ಟರು, ಮತ್ತೆ ಗುಡ್ಡೆ ಹಾಕಿದರು, ಮತ್ತೆ ಸುಟ್ಟರು.
ಯಾಕೆ ಅಂತ ಬರೆದಿಟ್ಟಿಲ್ಲ.

ಹಾಗಾದರೆ ಮೂಲ ಆಕರ?
ಅವ್ವ ನೆನಪಾದಳು, ಹಿತ್ತಲ ಗೋಡೆಯ ಕುಳ್ಳಿನ ಮೇಲೆ
ಅವಳ ಐದು ಬೆರಳು.
ಹೇಳಲಿಲ್ಲ. ಪುಸ್ತಕಗಳ ಹೆಸರು ಹೇಳಿದೆ.

ಬೋರಿನ ಹತ್ತಿರ ಬಟ್ಟೆ ಒಗೆಯುವ ಕಲ್ಲೊಂದು ಶಾಸನ.
ಅರ್ಧ ಸವೆದಿದೆ. ಸಂಜೆ, ಹೆಂಗಸರು ಹೋದ ಮೇಲೆ
ನೊರೆ ಸರಿಸಿ ಬೆರಳಲ್ಲಿ ಓದುತ್ತೇನೆ, ಇನ್ನೂ ಬೆಚ್ಚಗಿರುತ್ತದೆ.
ಯಾವನೋ ಹೆಗ್ಗಡೆ,
ಓದುವ ಮಾಣಿಗಳ ಊಟಕ್ಕೆ ಇಷ್ಟು ಮತ್ತರು ಗದ್ದೆ,
ಎಣ್ಣೆಗಾಣದ ಸುಂಕ,
ಚಂದ್ರ ಸೂರ್ಯರು ಇರುವ ತನಕ ಬಿಟ್ಟ.
ನಮ್ಮ ಸುತ್ತೋಲೆಯಲ್ಲಿ: ಮೂರು ವರ್ಷ,
ಅನುದಾನದ ಲಭ್ಯತೆಗೆ ಒಳಪಟ್ಟು.
ಇದನ್ನಳಿದವನು ವಾರಣಾಸಿಯಲ್ಲಿ
ಸಾವಿರ ಕವಿಲೆಯ ಕೊಂದ ಪಾಪಕ್ಕೆ ಹೋಗುವನು,
ಆ ಒಂದು ಸಾಲು ಸುತ್ತೋಲೆಯಲ್ಲಿ ಇರಬೇಕಿತ್ತು
ಅಂದುಕೊಂಡು ಒಬ್ಬಳೇ ನಕ್ಕೆ.

‘ಸುಂಕ’ದ ಮೇಲೆ ಬೆರಳು ನಿಂತಿತು.
ನನ್ನ ಹೆಸರು ಸುಂಕಮ್ಮ. ದೇವಿಯದು, ಅಜ್ಜಿ ಇಟ್ಟದ್ದು.
ಹಾಸ್ಟೆಲಿನಲ್ಲಿ ಜಿಎಸ್‌ಟಿ ಅನ್ನುತ್ತಿದ್ದರು.

ಕೊಟ್ಟವನ ಹೆಸರಿದೆ ಕಲ್ಲಿನಲ್ಲಿ. ಪಡೆದವನದಿದೆ, ಗೋತ್ರ ಸಮೇತ.
ಕಂಡರಿಸಿದವನೂ ಮೂಲೆಯಲ್ಲಿ ತನ್ನದೊಂದು ತುರುಕಿದ್ದಾನೆ.
ಕೇಳಿ, ನಿಂತು, ಕತ್ತಲಾದ ಮೇಲೆ ಮನೆಗೆ ಹೋದವರು?
ಈ ಪ್ರಶ್ನೆ ಅರ್ಜಿಯಲ್ಲಿ ಬರೆಯಬಹುದಿತ್ತು.
ಹೊಳೆಯಲಿಲ್ಲ. ಗಡುವು ಮುಗಿದಿದೆ.

ಅಪ್ಪ ಬೆಳಗಿನ ಬಸ್ಸಿಗೆ ಬರುತ್ತಾನೆ, ಹುಬ್ಬು ಬೆಳ್ಳಗೆ.
ಕಾಲು ತೊಳೆದ ನೀರು ಬೂದು ಬಣ್ಣದಲ್ಲಿ ಮೋರಿಗೆ ಹರಿಯುತ್ತದೆ.
“ಬಂತೇನು?” ಅನ್ನುವುದನ್ನು ಬಿಟ್ಟಿದ್ದಾನೆ ಈಚೆಗೆ;
ನನ್ನ ಮುಖ ನೋಡಿ, ತಾಟು ಎಳೆದುಕೊಳ್ಳುತ್ತಾನೆ.

ಅವ್ವ ಬಿಡುವುದಿಲ್ಲ.
“ಏನಂತಾವ ಆ ಅಕ್ಷರ?”
“ನೋಡಾಕತ್ತಾರಂತ.”
“ನೋಡ್ಲಿ. ಹಸೀ ಕುಳ್ಳು ಎಬ್ಬಿಸಿದ್ರ ಮುರೀತದ.”
ಒಂದು ಗಳಿಗೆ ಬಿಟ್ಟು,
“ಭಾಳ ದಿನಾ ಬಿಟ್ರ ಗೆದ್ಲ ಹತ್ತತದ, ಅದೂ ಖರೇ.”

ಬುಟ್ಟಿಯಿಂದ ಒಂದು ಮುದ್ದೆ ತೆಗೆದು ನಾನೂ ತಟ್ಟಿದೆ,
ಅವಳ ಸಾಲಿನ ಕೊನೆಗೆ, ಸ್ವಲ್ಪ ಸೊಟ್ಟಗೆ.
ಒಳಗೆ ಕಿಟಕಿಯ ಮೇಲೆ ಫೋನು ಸಣ್ಣಗೆ ಸದ್ದು ಮಾಡಿತು.
ಕೈ ಹಸಿಯಾಗಿತ್ತು.
ಇನ್ನೊಂದು ಮುದ್ದೆ ತೆಗೆದುಕೊಂಡೆ.